ಫೋರ್ ವ್ಹೀಲೋ, ಡೀಲಕ್ಸೋ

12 ಜೂನ್ 1998, ಶುಕ್ರವಾರ

ಇವತ್ತೂ ಅಂಗಡಿ ಬಿಟ್ಟು ಜೀಪ್ ಷೋರೂಮಿಗೆ. ಮಂಡಿಪೇಟೆಯಲ್ಲಿ ಬೆಲ್ಲದ ವ್ಯಾಪಾರ ತಣ್ಣಗಿದೆ, ನನ್ನನ್ನು ರೇಗಿಸಲು ಎಲ್ಲರಿಗೂ ಪುರುಸೊತ್ತು.

ನನ್ನ ಹೆಂಡತಿ ರೂಪಶ್ರೀ ಹರಿಹರದಲ್ಲಿ ದನದ ಡಾಕ್ಟರಾದಾಗಿನಿಂದ ಸ್ಕೂಟರಿನಲ್ಲೇ ಹಳ್ಳಿ ಸುತ್ತಿದ್ದಾಳೆ. ಹೋದ ವಾರ ಎರೆ ಮಣ್ಣಿನಲ್ಲಿ ಜಾರಿ ಬಿದ್ದಳು. ಮೊಣಕೈ ತರಚಿತು. ನಗುತ್ತಲೇ ಹೇಳಿದಳು. ನನಗೆ ನಿದ್ದೆ ಹತ್ತಲಿಲ್ಲ. ಇನ್ನು ಸ್ಕೂಟರ್ ಬೇಡ, ಜೀಪೇ.

ಒಂದೇ ಜೀಪು, ಆದರೆ ಮೂರು ಥರ. ಸಾದಾ ಬೇಡ ಅನ್ನುವುದರಲ್ಲಿ ಇಬ್ಬರೂ ಒಂದೇ. ಉಳಿದ ಎರಡಕ್ಕೂ ರೇಟು ಹೆಚ್ಚುಕಡಿಮೆ ಒಂದೇ. ಡೀಲಕ್ಸ್: ಮುಚ್ಚಿದ ಬಾಡಿ, ಎ.ಸಿ., ಮೆತ್ತನೆ ಸೀಟು, ಪವರ್ ಸ್ಟೀರಿಂಗ್. ಇನ್ನೊಂದು ಫೋರ್ ವ್ಹೀಲ್ — ನಾಲ್ಕೂ ಚಕ್ರ ಎಳೆಯುತ್ತವೆ, ಉಳಿದದ್ದೇನೂ ಇಲ್ಲ. ಮೇಲೆ ಬರೀ ಟಾರ್ಪಾಲು.

14 ಜೂನ್, ಭಾನುವಾರ

ಅಮ್ಮನನ್ನೂ ಕರೆದೊಯ್ದೆ. ಮಂಡಿ ನೋವು, ಫೋರ್ ವ್ಹೀಲ್ ಹತ್ತಲಾಗಲಿಲ್ಲ. ಡೀಲಕ್ಸಿನಲ್ಲಿ ಕೂತಳು, ಕಾಲು ಚಾಚಿದಳು. “ಪಲ್ಲಕ್ಕಿ ಇದ್ದಂಗೈತೆ ಕಣೋ ಬಕ್ಕೇಶಿ!”

ಮನೆಗೆ ಬಂದು ರೂಪಾ ಜೊತೆ ವಾದ. ಅವಳಿಗೆ ಫೋರ್ ವ್ಹೀಲೇ ಬೇಕು, ನನಗೆ ಡೀಲಕ್ಸ್. ನಾನು ವ್ಯಾಪಾರಿ, ವ್ಯಾಪಾರದ ಮಾತೇ ಆಡಿದೆ — ಸೀಟು ದಿನಾ ಬೇಕು, ಕೆಸರು ವರ್ಷಕ್ಕೆ ನಾಲ್ಕು ದಿನ. ಯಾವುದು ಲಾಭ?

“ಆ ನಾಲ್ಕು ದಿನದಾಗೇ ಹೊಟ್ಟ್ಯಾಗ ಕರು ಅಡ್ಡ ಸಿಕ್ಕಂಡಿರ್ತೈತಲ್ರಿ,” ಅಂದಳು ರೂಪಾ. “ಆ ಎಮ್ಮೀಗೆ ಹೇಳ್ರಿ ನಿಮ್ ಲಾಭಾನ.”

ನಾನು ದನಿ ಏರಿಸಿದೆ.

20 ಜೂನ್

ರೂಪಾ ಸೋತಳು. ಸೋತದ್ದು ನನಗಲ್ಲ, ಅಮ್ಮನ ಮಂಡಿಗೆ.

“ಡೀಲಕ್ಸೇ ಬುಕ್ ಮಾಡ್ರಿ. ಅತ್ತಿ ಎಲ್ಲೂ ಹೋಗಂಗಿಲ್ಲ ಅಂತ ಮೂಲ್ಯಾಗ ಕುಂತಾರ. ಅವರೂ ಅಡ್ಡಾಡ್ಲಿ.”

ಬುಕ್ ಮಾಡಿದೆ. ಗೆದ್ದವನಿಗೆ ಖುಷಿಯಾಗಬೇಕಿತ್ತು...

5 ಜುಲೈ, ಭಾನುವಾರ, ರಾತ್ರಿ

ಕೈ ಇನ್ನೂ ಕೆಸರು ವಾಸನೆ. ಆದರೂ ಬರೆಯಬೇಕು.

ಷೋರೂಮಿನವರು ಡೀಲಕ್ಸನ್ನು ಒಂದು ದಿನ ಟ್ರಯಲ್‌ಗೆ ಕೊಟ್ಟಿದ್ದರು. ಅಮ್ಮ, ರೂಪಾ, ನಾನು ಹರಿಹರಕ್ಕೆ. ದನದ ಆಸ್ಪತ್ರೆಯ ಮುಂದೆ ಜಂಬಯ್ಯ ನಿಂತಿದ್ದ, ಕಡರನಾಯಕನಹಳ್ಳಿ ರೈತ. ಮುಖದಲ್ಲಿ ರಕ್ತವಿಲ್ಲ. “ಡಾಕ್ಟ್ರಮ್ಮಾ, ಬೆಳಗ್ಲಿಂದ ತಿಣುಕ್ತೈತ್ರೀ ಎಮ್ಮಿ. ಕರ ಬರವಲ್ದು.”

ಅವನನ್ನೂ ಹತ್ತಿಸಿಕೊಂಡು ಹೊರಟೆವು. ಡಾಂಬರು ಇರುವಷ್ಟು ದೂರ ಬೆಣ್ಣೆಯ ಹಾಗೆ ಹೋಯಿತು. ಮಳೆಗೆ ನೆನೆದ ಹೊಲದ ದಾರಿಗೆ ಇಳಿದದ್ದೇ ಹಿಂದಿನ ಚಕ್ರ ಗುಂಯ್... ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಜೀಪು ಕುಸಿಯಿತು. ಜಂಬಯ್ಯ ತಳ್ಳಿದ, ನಾನು ತಳ್ಳಿದೆ. ಊಹೂಂ.

ರೂಪಾ ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಸಿಕ್ಕಿಸಿದಳು. ಔಷಧಿ ಚೀಲ ತಲೆ ಮೇಲೆ. ಮಳೆಯಲ್ಲಿ ಜಂಬಯ್ಯನ ಹಿಂದೆ ನಡೆದೇಬಿಟ್ಟಳು.

ನಾನು, ಅಮ್ಮ ಒಳಗೆ. ಮೆತ್ತನೆ ಸೀಟು. ಅಮ್ಮ ಬಹಳ ಹೊತ್ತು ಗಾಜು ಒರೆಸಿ ಒರೆಸಿ ಆ ದಾರಿಯನ್ನೇ ನೋಡುತ್ತಿದ್ದಳು. ಆಮೇಲೆ —

“ಪಲ್ಲಕ್ಕಿ ಇಲ್ಲೇ ಕುಂತೈತೆ. ದೇವರು ಕೆಸರಾಗ ನಡಕಂಡು ಹೋತು. ನಾಚಿಕಿ ಆಗಂಗಿಲ್ಲೇನೋ ನಮಗೆ?”

ಕತ್ತಲಾಗುವ ಮುಂಚೆ ಬಂದಳು, ಮಂಡಿವರೆಗೂ ಕಪ್ಪು ಕೆಸರು, ಮುಖದ ತುಂಬ ನಗು. ಹಿಂದೆಯೇ ಎತ್ತು, ಹಗ್ಗ, ಜೀಪು ಎಳೆಯಲು. “ಹೆಣ್ಗರ! ಎರಡೂ ಉಳಿದ್ವು. ಇನ್ನೊಂಚೂರು ತಡ ಆಗಿದ್ರೆ...” ಅಲ್ಲಿಗೇ ನಿಲ್ಲಿಸಿದಳು. ‘ನಾ ಹೇಳಿರ್ಲಿಲ್ವಾ’ ಅಂತ ದಾರಿಯುದ್ದಕ್ಕೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

8 ಜುಲೈ

ಬುಕಿಂಗ್ ಬದಲಾಯಿಸಿದೆ. ಅಮ್ಮ ತಾನೇ ಬಂದಳು. ಷೋರೂಮಿನ ಸೇಲ್ಸ್ ಹುಡುಗಿ ಹೇಳಿದಳು, “ಅಮ್ಮಾರೇ, ಫೋರ್ ವ್ಹೀಲ್ ಎತ್ತರ ಐತ್ರಿ. ನಿಮಗೆ ಹತ್ತಾಕ ಆಗಲ್ಲ.”

“ಎತ್ತರ ಇದ್ರೆ ಮೆಟ್ಲು ಹಾಕಿಸ್ಕಂತೀವಿ. ಕೆಸರಿಗೆ ಮೆಟ್ಲು ಹಾಕಾಕ ಆಗ್ತೈತೇನವ್ವಾ?”

ಇಷ್ಟು ದಿನ ಹಾಕಿದ ಲೆಕ್ಕವೆಲ್ಲ ಒಂದೇ ಮಾತಿನಲ್ಲಿ ಮುಗಿಯಿತು. ರೂಪಾಗೆ ಇನ್ನೂ ಹೇಳಿಲ್ಲ.

2 ಆಗಸ್ಟ್, ಭಾನುವಾರ

ಜೀಪು ಬಂತು. ಹರಿಹರದಲ್ಲಿ ಕಬ್ಬಿಣದ ಮೆಟ್ಟಿಲು ವೆಲ್ಡ್ ಮಾಡಿಸಿ, ಹಿಂದಿನ ಸೀಟಿಗೆ ದಪ್ಪ ಫೋಮ್ ಹಾಕಿಸಿಕೊಂಡೇ ಮನೆಗೆ ತಂದೆ. ರೂಪಾ ಸುತ್ತ ಒಂದು ಸುತ್ತು ಬಂದಳು. ಟಾರ್ಪಾಲು ಮುಟ್ಟಿದಳು. ನಾಲ್ಕೂ ಚಕ್ರ ಹೂಡುವ ಎರಡನೇ ಗೇರ್ ಕಡ್ಡಿ ನೋಡಿದಳು. ಅಡಿಗೆಮನೆಗೆ ಹೋಗಿಬಿಟ್ಟಳು. ಹಿಂದೆಯೇ ಹೋದೆ.

“ಹೊಗೆ ರೀ, ಕಣ್ಣಿಗೆ ಹೋತು.”

ಗ್ಯಾಸ್ ಒಲೆ. ಹೊಗೆ ಎಲ್ಲಿಯದು?

16 ಆಗಸ್ಟ್

ಮಂಡಿಯ ಲಾರಿ ಓಡಿಸುವ ಖಾಜಾ ಹುಸೇನ್ ಸಾಹೇಬರು ರೂಪಾಗೆ ಡ್ರೈವಿಂಗ್ ಕಲಿಸುತ್ತಿದ್ದಾರೆ. ಸ್ಟೀರಿಂಗ್ ಬಲು ಗಟ್ಟಿ. ದಿನಾ ಸಂಜೆ ಅವಳ ತೋಳಿಗೆ ಎಣ್ಣೆ ತಿಕ್ಕುವುದು ನನ್ನ ಡ್ಯೂಟಿ.

“ಪವರ್ ಸ್ಟೀರಿಂಗ್ ಇದ್ದಿದ್ರೆ ಚಲೋ ಇತ್ತು ನೋಡ್ರಿ,” ಅಂದಳು ಇವತ್ತು. ಸಿಟ್ಟು ಬರಬೇಕಿತ್ತು. ಇನ್ನಷ್ಟು ಎಣ್ಣೆ ಸುರಿದುಕೊಂಡೆ.

30 ಆಗಸ್ಟ್, ಭಾನುವಾರ, ಬೆಳಗ್ಗೆ

ರಾತ್ರಿಯೆಲ್ಲ ಮಳೆ. ಈಗ ಫೋನು, ಹರಿಹರದ ಕಡೆ ಒಂದು ಹಸು ಎದ್ದಿಲ್ಲವಂತೆ. ನಾನು ಕೀಲಿ ತೆಗೆದುಕೊಂಡರೆ ಕೈಯಿಂದ ಕಿತ್ತುಕೊಂಡಳು. ಲೈಸೆನ್ಸ್ ಬಂದು ಮೂರು ದಿನ! “ನಾನೇ ಓಡಿಸ್ತೀನಿ. ನೀವು ಮನ್ಯಾಗಿರ್ರಿ, ಬೈಯೋರು ಪಕ್ಕದಾಗಿದ್ರೆ ಗೇರ್ ಬೀಳಲ್ಲ.”

ಸರಿ, ಮನೆಯಲ್ಲೇ ಇರುತ್ತೇನೆ. ಅದಕ್ಕೇ ಬರೆಯುತ್ತ ಕೂತಿದ್ದೇನೆ. ಕಿಟಕಿ ಕಡೆ ನೋಡುವುದಿಲ್ಲ. ಸ್ಟಾರ್ಟ್ ಆಯಿತು... ರಿವರ್ಸ್ ಗರ್ ಅಂತು... ಬಿತ್ತು. ಕಾಂಪೌಂಡಿಗೆ ತಾಗಲಿಲ್ಲ! ಹಿಂದಿನ ಸೀಟಿನಲ್ಲಿ ಯಾರದು, ರೊಟ್ಟಿ ಗಂಟು ಹಿಡಿದು... ಅಮ್ಮ! ಯಾವಾಗ ಹತ್ತಿದಳು?

ಹಾರ್ನು. ಮತ್ತೆ ಹಾರ್ನು. ಅಮ್ಮನ ದನಿ: “ಏ ಬಕ್ಕೇಶಿ! ನೀನೂ ಬರ್ತೀಯೋ, ಬರಕಂತ ಅಲ್ಲೇ ಕುಂದರ್ತೀಯೋ?”

ರೂಪಾ ಬಾಗಿಲು ತೆಗೆದು ಹಿಡಿದಿದ್ದಾಳೆ. ಹಿಂದಿನದು, ಅಮ್ಮನ ಪಕ್ಕ. ಬೈಯಬಾರದು, ಬಾಯಿ ಮುಚ್ಚಿ ಕೂತ್ಕೋಬೇಕು. ನನ್ನ ಚಪ್ಪಲಿ ಎಲ್ಲಿ —