ತಾಯಿ ಮೊದಲು

ಅಕ್ಟೋಬರ್ 12, ಸೋಮವಾರ

ರೋಸ್‌ಮೆರಿ ಗಿಡದ ಮೇಲೆ ಹಿಮ ಕೂತಿತ್ತು. ತುದಿಗಳು ಕಪ್ಪಾಗಿವೆ. ಇನ್ನು ನಾಲ್ಕು ವಾರ ತಡೆದುಕೊಂಡರೆ ಸಾಕು. ಹಳೆಯ ಕಿಟಕಿ ಪರದೆ ಹೊದಿಸಿ ಬಂದೆ. ಐವಿ ಬಳ್ಳಿಯ ಚಿಂತೆಯಿಲ್ಲ. ಅದು ಮನೆಯನ್ನೇ ತಿಂದು ಮುಗಿಸಿದ ಮೇಲೂ ಬದುಕಿರುತ್ತದೆ.

ಮೇವಿಸ್‌ಗೆ ಕಾಗದ ಹಾಕಿದೆ. ನ್ಯೂಜಿಲೆಂಡಿನಲ್ಲಿ ಕೂತ ತಂಗಿಗೆ ಬೆಕ್ಕಿನ ಸುದ್ದಿ, ಸೇಬಿನ ಸುದ್ದಿ... ಸಿಹಿಯೆಲ್ಲ ಅವಳಿಗೆ. ಕಹಿ ಇದ್ದರೆ ಇಲ್ಲಿಗೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟವಳ ಅಕ್ಷರ, ಓದುವವರು ಯಾರೂ ಇಲ್ಲ. ಅದೇ ಸುಖ.

ಸಂಜೆ ಪಕ್ಕದ ಮನೆ ಎನಿಡ್ ಗೋಡೆಯಾಚೆಯಿಂದ ಕೂಗಿದಳು.

"ವಿನ್ನೀ, ಕೇಳಿದ್ಯೇನೇ? ಸ್ಮರಣೆ ಭಾನುವಾರಕ್ಕೆ ಡಚೆಸ್ ಬರ್ತಾಳಂತೆ, ನಮ್ಮೂರಿಗೆ."

"ಯಾವ ಡಚೆಸ್ಸೇ?"

"ಯಾವಳೋ ಒಬ್ಬಳು. ರಾಜಮನೆತನದ ದೊಡ್ಡೋರೆಲ್ಲ ಲಂಡನ್ನಿನ ಸ್ಮಾರಕಕ್ಕೆ ಹೋಗ್ತಾರೆ. ಮಿಕ್ಕಿದ್ದು ನಮಗೆ. ಸಿಂಹಾಸನದ ಸಾಲಲ್ಲಿ ಇಪ್ಪತ್ತನೆಯವಳೋ ಮೂವತ್ತನೆಯವಳೋ."

"ಬರ್ಲಿ ಬಿಡು. ಅವಳಿಗೂ ಭಾನುವಾರ ಹೊತ್ತು ಹೋಗ್ಬೇಕಲ್ಲ."

ನಕ್ಕೆವು. ನನಗೆ ನಿಜವಾಗಿಯೂ ಸಂತೋಷವೇ ಆಯಿತು. ಯುದ್ಧದಲ್ಲಿ ಸತ್ತವರ ಸಾಲಿನಲ್ಲಿ ನನ್ನ ಮಗ ಕಾಲಿನ್‌ನ ಹೆಸರನ್ನು ಅರಮನೆಯವರೊಬ್ಬರು ನೋಡುತ್ತಾರೆ ಎಂದುಕೊಂಡೆ.

ಅಕ್ಟೋಬರ್ 15, ಗುರುವಾರ

ಊರಿಗೆ ಊರೇ ಸುಣ್ಣಬಣ್ಣ. ಪುರಭವನದ ಶೌಚಾಲಯಕ್ಕೆ ಹೊಸ ಬಾಗಿಲು. ಹೊಸ ಪಿಂಗಾಣಿ ಕೂಡ ಬರುತ್ತದಂತೆ. ಎನಿಡ್ ಹೇಳಿದಳು, "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಮುಂಜಾಗ್ರತೆ." ಬೇಕರಿಯವಳ ಎದುರೇ ಅಂದಳು. ಬೇಕರಿಯವಳು ಕೆಂಪಗಾದಳು.

ಬರುವಾಗ ಕಲ್ಲಿನ ಹತ್ತಿರ ನಿಂತೆ. ಯುದ್ಧ ಸ್ಮಾರಕ ಎಂದು ಬೋರ್ಡಿದೆ, ನಮಗೆಲ್ಲ ಅದು ಕಲ್ಲೇ. ಅವನ ಹೆಸರು ಎಲ್ಲಕ್ಕಿಂತ ಕೆಳಗೆ, ಮೇಲಿನ ಮೆಟ್ಟಿಲಿಗೆ ತಾಗಿಕೊಂಡು. ಸಿ. ಟಾಸ್ಕರ್. ಹತ್ತು ವರ್ಷವಾದರೂ ಅಕ್ಷರ ಇನ್ನೂ ಹೊಸದು. ಹಡಗಿನ ಜೊತೆ ಹೋದವನಿಗೆ ಬೇರೆ ಗೋರಿ ಎಲ್ಲಿಂದ ಬರಬೇಕು. ದಕ್ಷಿಣ ಅಟ್ಲಾಂಟಿಕ್ಕಿನ ತಳಕ್ಕೆ ಹೂ ಇಡಲು ಯಾರಿಗಾಗುತ್ತದೆ. ನನಗೆ ಇರುವುದು ಆ ಮೆಟ್ಟಿಲು.

ಪಾಚಿ ಕೆರೆದೆ. ಉಗುರು ಮುರಿಯಿತು.

ಅಕ್ಟೋಬರ್ 21, ಬುಧವಾರ, ಸಂಜೆ

ಕ್ಲೈವ್ ಹೆಬ್ಡನ್ ಬಂದಿದ್ದ. ಮೊಳೆ, ಬಕೆಟ್ಟು ಮಾರುವ ಅಂಗಡಿಯವನು, ಸ್ಮರಣೆ ಸಮಿತಿಯ ಅಧ್ಯಕ್ಷ. ಕೈಯಲ್ಲಿ ಕೇಕು. ಅಂಗಡಿಯ ಕೇಕಲ್ಲ, ಹೆಂಡತಿ ಮಾಡಿದ್ದು. ಆಗಲೇ ಅನುಮಾನ ಬಂತು. ಕಾಲಿನ್‌ನ ಸುದ್ದಿ ಬಂದ ದಿನ ಇವನೇ ಬಂದು ನನ್ನ ಒಲೆಗೆ ಇದ್ದಿಲು ಹಾಕಿ, ನನ್ನ ಜೊತೆ ಕೂತಿದ್ದ. ಕೆಟ್ಟವನಲ್ಲ. ಅದನ್ನೂ ಬರೆದಿಡಬೇಕು.

ಎರಡು ಕಪ್ ಟೀ ಆಗುವವರೆಗೆ ಹವಾಮಾನ.

"ವಿನ್ನಿ, ಬೇಜಾರು ಮಾಡ್ಕೋಬಾರ್ದು ನೀವು."

"ಮಾಡ್ಕೊಳೋ ಹಾಗಿದ್ರೆ ಮಾಡ್ಕೋತೀನಿ. ಮೊದಲು ಹೇಳಿ."

"ಕಲ್ಲಿಗೆ ಪುಷ್ಪಚಕ್ರ ಇಡೋ ಕ್ರಮ... ಈ ಸಲ ಡಚೆಸ್ ಮೊದಲು. ಆಮೇಲೆ ಮೇಯರ್, ಸೇನೆ, ಸ್ಕೌಟು..."

"ಮತ್ತೆ ತಾಯಿ?"

ಈ ಊರಲ್ಲಿ ತಾಯಿ ಮೊದಲು. ನಾನು ಮಾಡಿದ ಕಟ್ಟಳೆಯಲ್ಲ. ಮೊದಲ ಮಹಾಯುದ್ಧ ಮುಗಿದು ಕಲ್ಲು ನಿಲ್ಲಿಸಿದ ದಿನ, ಮೂರು ಗಂಡುಮಕ್ಕಳನ್ನು ಕಳೆದುಕೊಂಡ ಮಿಸೆಸ್ ಆಗ್ಡನ್ ಅಡುಗೆಮನೆಯಿಂದ ಹಾಗೇ ಎದ್ದು ಬಂದು, ಟೋಪಿ ಹಾಕಿದ ಗಂಡಸರನ್ನೆಲ್ಲ ದಾಟಿ, ಹಿತ್ತಲ ಸೊಪ್ಪಿನ ಚಕ್ರವನ್ನು ಮೇಲಿನ ಮೆಟ್ಟಿಲಿಗೆ ಇಟ್ಟಳಂತೆ. ಕಟ್ಟಲು ದಾರ ಸಿಗದೆ ಉಟ್ಟ ಏಪ್ರನ್ನಿನ ಲಾಡಿಯನ್ನೇ ಹರಿದು ಕಟ್ಟಿದ್ದಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ಅದೇ ಪದ್ಧತಿ: ರೋಸ್‌ಮೆರಿ, ಐವಿ, ಏಪ್ರನ್ನಿನ ಲಾಡಿ. ಒಬ್ಬ ತಾಯಿ ಹೋದರೆ ಇನ್ನೊಬ್ಬಳು. ಈಗ ನಾನೊಬ್ಬಳೇ.

ಕ್ಲೈವ್ ಚಮಚ ತಿರುಗಿಸುತ್ತಲೇ ಇದ್ದ. ಸಕ್ಕರೆ ಹಾಕಿಕೊಂಡೇ ಇರಲಿಲ್ಲ.

"ಅದಕ್ಕೊಂದು ದಾರಿ ಮಾಡಿದೀನಿ. ನೀವು ಬೆಳಿಗ್ಗೆ ಎಂಟಕ್ಕೇ ಬಂದು ಇಟ್ಬಿಡಿ. ಜನ ಸೇರೋಕೆ ಮುಂಚೆ. ಹಾಗಾದ್ರೆ ನೀವೇ ಮೊದಲು ಆದ ಹಾಗಾಯ್ತಲ್ಲ?"

"ಅರಮನೆಯೋರು ಕೇಳಿದ್ರಾ, ತಾಯೀನ ಹಿಂದಕ್ಕೆ ತಳ್ಳಿ ಅಂತ?"

"ಅವರು ಬಾಯಿಬಿಟ್ಟು ಕೇಳಲ್ಲ ವಿನ್ನಿ. ನಾವೇ ಅರ್ಥ ಮಾಡ್ಕೋಬೇಕು. ನಿಮಗೆ ಕೈಕುಲುಕೋ ಸಾಲಲ್ಲಿ ಜಾಗ ಇಟ್ಟಿದೀನಿ, ಮುಂದೇನೇ."

ಕೇಕು ಚೆನ್ನಾಗಿತ್ತು. ಬೆಕ್ಕಿಗೆ ಹಾಕಿದೆ.

ನವೆಂಬರ್ 2, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಸಿಟ್ಟು ಗಟ್ಟಿಯಾಗುತ್ತದೆ ಎಂದು.

ಇವತ್ತು ತಾಲೀಮು. ಡಚೆಸ್ಸಾಗಿ ನಿಲ್ಲಲು ಯಾರೂ ಇಲ್ಲದೆ ಎನಿಡ್‌ಳನ್ನು ನಿಲ್ಲಿಸಿದರು. ಅವಳ ತರಕಾರಿ ಚೀಲದಿಂದ ಈರುಳ್ಳಿ ಸೊಪ್ಪು ಇಣುಕುತ್ತಿತ್ತು. ಅದನ್ನೇ ಪುಷ್ಪಚಕ್ರದ ಹಾಗೆ ಎರಡೂ ಕೈಯಲ್ಲಿ ಹಿಡಿದು ಗಂಭೀರವಾಗಿ ನಡೆದಳು. ಮೇಯರ್ ನಿಜವಾಗಿಯೂ ತಲೆಬಾಗಿದ.

"ಮಂಡಿ ಸ್ವಲ್ಪ ಬಗ್ಗಿಸಿ, ಕೂರಬೇಡಿ," ಎಂದು ಕ್ಲೈವ್ ನಮಗೆಲ್ಲ ಕಲಿಸಿದ. "'ಮ್ಯಾಮ್' ಅನ್ನಿ. ಎಳೀಬೇಡಿ. ಜ್ಯಾಮ್ ಅಂದ ಹಾಗೆ."

"ನನ್ನ ಮಂಡಿ ಬಗ್ಗಿದ್ರೆ ಏಳೋದು ಮುಂದಿನ ಸ್ಮರಣೆ ಭಾನುವಾರಕ್ಕೇ," ಅಂದೆ.

ಎಲ್ಲರೂ ನಕ್ಕರು. ನಾನೂ. ತಾಯಿ ಎಲ್ಲಿ ನಿಲ್ಲುತ್ತಾಳೆ ಎಂದು ಒಬ್ಬರೂ ಕೇಳಲಿಲ್ಲ. ಕೇಳುತ್ತಾರೆ ಎಂದು ಕಾದಿದ್ದೆ. ಎಲ್ಲರ ಮಕ್ಕಳಿಗೂ ಶಾಲೆಯಲ್ಲಿ ಊಟ ಬಡಿಸಿದವಳು ನಾನು.

ನವೆಂಬರ್ 7, ಶನಿವಾರ

ಚಕ್ರ ಕಟ್ಟಿ ಮುಗಿಯಿತು. ನೀಲಿ ಏಪ್ರನ್ನಿನ ಲಾಡಿ ಕತ್ತರಿಸಿದೆ, ಕಾಲಿನ್ ಹಿಡಿದುಕೊಂಡು ನನ್ನ ಹಿಂದೆ ಅಡುಗೆಮನೆಯೆಲ್ಲ ಸುತ್ತುತ್ತಿದ್ದ ಲಾಡಿ. ಹಾಗೆ ಸುತ್ತಿ ಸುತ್ತಿಯೇ ಅಡುಗೆ ಕಲಿತ. ಅದೇ ಕೆಲಸ ಹಡಗಿನಲ್ಲಿ ಸಿಕ್ಕಿತು. ಇದನ್ನು ಇಷ್ಟು ವರ್ಷ ಕತ್ತರಿಸದೆ ಇಟ್ಟಿದ್ದೆ. ಈ ಸಲ ಯಾಕೋ...

ನವೆಂಬರ್ 8, ಭಾನುವಾರ, ಸಂಜೆ ಐದು

ಒಂದೊಂದಾಗಿ ಬರೆಯಬೇಕು.

ಎಂಟಕ್ಕೆ ಹೋದೆ. ಕಲ್ಲಿನ ಹತ್ತಿರ ಒಂದು ಪಾರಿವಾಳ. ಚಕ್ರ ಇಟ್ಟೆ, ಅವನ ಹೆಸರಿಗೆ ತಾಗಿಸಿ. ಕಹಳೆ ಇಲ್ಲ, ಪ್ರಾರ್ಥನೆ ಇಲ್ಲ. ಹಾಲಿನ ಬಾಟಲಿ ಇಟ್ಟು ಹೋದ ಹಾಗಿತ್ತು.

ಹತ್ತೂವರೆಗೆ ಮತ್ತೆ ಹೋದಾಗ ಮೆಟ್ಟಿಲು ಖಾಲಿ. ನಾಯಿ ಹಿಡಿದುಕೊಂಡ ಭದ್ರತೆಯವರು ಸುತ್ತಲೂ ಇದ್ದರು. "ಅಲ್ಲಿದ್ದ ಸೊಪ್ಪಾ? ಎಲ್ಲ ತೆಗೆಸಿದೀವಿ ಅಮ್ಮ. ಬಾಂಬಿನ ಕಾಲ," ಅಂದ ಒಬ್ಬ. ಕ್ಲೈವ್‌ನನ್ನು ಹುಡುಕುವಷ್ಟರಲ್ಲಿ ಒಬ್ಬಳು ಹುಡುಗಿ ನನ್ನನ್ನು ತೋಳು ಹಿಡಿದು ಸಾಲಿಗೆ ಸೇರಿಸಿದಳು. ಸಮಿತಿಯ ಸ್ವಯಂಸೇವಕಿ, ತುಂಬ ಒಳ್ಳೆಯ ಮಗು, ಮೂಗು ಚಳಿಗೆ ಕೆಂಪಾಗಿತ್ತು.

"ಅಯ್ಯೋ ಅಜ್ಜಿ, ಪದಕ ಆ ಕಡೆ ಚುಚ್ಕೊಂಡಿದೀರಲ್ಲ. ನೋಡಿ, ಎಲ್ಲರದೂ ಎಡಗಡೆ ಇದೆ."

ಸಾಲಿನಲ್ಲಿದ್ದವರೆಲ್ಲ ಹಳೆಯ ಸೈನಿಕರು. ತಮ್ಮ ಪದಕ ತಾವು ಎಡಗಡೆ ಧರಿಸುತ್ತಾರೆ. ಸತ್ತವರದ್ದನ್ನು ಮನೆಯವರು ಬಲಗಡೆ. ಈ ದೇಶದಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಕಾಲಿನ್‌ನ ಪದಕ ನನ್ನ ಎಡಗಡೆಗೆ ಬಂದಿತ್ತು. ಆಗಲೇ ಬ್ಯಾಂಡು ಶುರು. ಬಿಚ್ಚೋಣವೆಂದರೆ ಕೈಗವಸಿನ ಬೆರಳಿಗೆ ಪಿನ್ನು ಸಿಗಲಿಲ್ಲ.

ಡಚೆಸ್ ಕಪ್ಪು ಕೋಟು, ಎದೆಯ ಮೇಲೆ ಸ್ಮರಣೆಯ ಕೆಂಪು ಗಸಗಸೆ ಹೂ. ತೆಳ್ಳಗೆ, ನನಗಿಂತ ಸ್ವಲ್ಪ ಚಿಕ್ಕವಳಿರಬೇಕು. ಮೆಟ್ಟಿಲ ಬುಡಕ್ಕೆ ಬಂದವಳು ನಿಂತಳು. ಯಾರನ್ನೋ ಎದುರು ನೋಡುವವಳ ಹಾಗೆ ಅತ್ತ ಇತ್ತ ನೋಡಿದಳು. ಕ್ಲೈವ್ ಕೈ ಮುಂದೆ ಚಾಚಿ ದಾರಿ ತೋರಿಸಿದ. ಹೋಗಿ ಇಟ್ಟಳು. ಅದೇ ಜಾಗದಲ್ಲಿ. ಕಾಗದದ ಕೆಂಪು ಹೂಗಳ ದೊಡ್ಡ ಚಕ್ರ, ಕಿರೀಟದ ಗುರುತಿನ ಕಾರ್ಡು. ಅವನ ಹೆಸರು ಪೂರ್ತಿ ಮುಚ್ಚಿಹೋಯಿತು.

ಆಮೇಲೆ ಸಾಲು. ನನ್ನೆದುರು ನಿಂತಳು. ಪದಕ ನೋಡಿದಳು. ಮೆಲುದನಿ.

"ನೀವು ಎಲ್ಲಿ ಸೇವೆ ಮಾಡಿದ್ರಿ?"

"ದಕ್ಷಿಣ ಅಟ್ಲಾಂಟಿಕ್, ಮ್ಯಾಮ್."

"ಹೌದಾ. ನರ್ಸ್ ಆಗಿದ್ರಾ?"

"ಅಡುಗೆ, ಮ್ಯಾಮ್. ಹಡಗಲ್ಲಿ."

ಯಾಕೆ ಹಾಗೆ ಅಂದೆನೋ. ಬಾಯಿಗೆ ಅವನೇ ಬಂದ.

"ಅಲ್ಲಿಂದ ಕ್ಷೇಮವಾಗಿ ಮನೆಗೆ ಬಂದ್ರಲ್ಲ, ಅದು ದೊಡ್ಡದು."

"ಇಲ್ಲ ಮ್ಯಾಮ್. ಬರಲಿಲ್ಲ."

ನಗು ತುಟಿಯಲ್ಲೇ ಉಳಿಯಿತು. ಕಣ್ಣು ಮಾತ್ರ ನನ್ನ ಮುಖದಲ್ಲಿ ಏನನ್ನೋ ಹುಡುಕತೊಡಗಿತು. ಏನೋ ಕೇಳಲು ಬಾಯಿ ತೆರೆದಳು. "ಸ್ಕೌಟ್ ಮಕ್ಕಳು ಕಾಯ್ತಿದಾರೆ, ಮ್ಯಾಮ್," ಎಂದ ಕ್ಲೈವ್. ನನ್ನ ಮುಖ ನೋಡದೆ.

ಚಕ್ರ ಸಿಕ್ಕಿತು. ಚರ್ಚಿನ ಜಗಲಿಯಲ್ಲಿ, ಮಡಿಸಿದ ಕುರ್ಚಿಗಳ ಹಿಂದೆ. ಲಾಡಿ ಬಿಚ್ಚಿ ಒಳಗೆ ಹುಡುಕಿದ್ದಾರೆ. ಸೊಪ್ಪು ಹರಡಿಕೊಂಡಿತ್ತು. ಮನೆಗೆ ತಂದೆ.

ನವೆಂಬರ್ 9, ಸೋಮವಾರ

ಮೇವಿಸ್‌ಗೆ ಬರೆದೆ: ಡಚೆಸ್ ಬಂದಿದ್ದಳು, ಮಾತಾಡಿಸಿದಳು, ಬಿಸಿಲಿತ್ತು. ಮೂರೂ ನಿಜ.

ನವೆಂಬರ್ 10, ಮಂಗಳವಾರ

ಊರ ಪತ್ರಿಕೆಯಲ್ಲಿ ಫೋಟೋ. ಡಚೆಸ್, ನಾನು, ನಡುವೆ ಕ್ಲೈವ್‌ನ ಮೊಣಕೈ. ಕೆಳಗೆ: "ಯುದ್ಧನೌಕೆಯಲ್ಲಿ ಅಡುಗೆ ಸೇವೆ ಸಲ್ಲಿಸಿದ ಮಿಸೆಸ್ ಡಬ್ಲ್ಯೂ. ಟಾಸ್ಕರ್ ಅವರೊಂದಿಗೆ." ಮಗನ ಹೆಸರು ಎಲ್ಲೂ ಇಲ್ಲ. ಅವನ ಸಾವು ನನ್ನ ಸೇವೆಯಾಗಿ, ನಾನು ಬದುಕಿ ಬಂದವಳಾಗಿ, ಎಲ್ಲ ಸುಖಾಂತ.

ಬೇಕರಿಯವಳು, ಊರಿಗೆ ಹೊಸಬಳು, ಒಂದು ಬನ್ನು ಹೆಚ್ಚಿಗೆ ಹಾಕಿದಳು. "ಹೇಳ್ಲೇ ಇಲ್ವಲ್ಲ ನೀವು, ಯುದ್ಧಕ್ಕೆ ಹೋಗಿದ್ದೆ ಅಂತ."

"ಕಳಿಸಿದ್ದೆ," ಅಂದೆ. ಅವಳಿಗೆ ಕೇಳಿಸಲಿಲ್ಲ.

ಕ್ಲೈವ್‌ನ ಅಂಗಡಿಗೆ ಹೋದೆ. ತಿದ್ದಿಸು ಅಂದೆ.

"ಬಿಡಿ ವಿನ್ನಿ. ಎಷ್ಟು ಚೆನ್ನಾಗಿ ಬಂದಿದೆ ಫೋಟೋ. ಈಗ ತಿದ್ದಿಸಿದ್ರೆ ಡಚೆಸ್‌ಗೆ ಮುಜುಗರ."

ಮುಜುಗರ. ಡಚೆಸ್‌ಗೆ.

ಮನೆಗೆ ಬಂದರೆ ಎನಿಡ್ ಬಾಗಿಲಲ್ಲಿ ಕೂತಿದ್ದಳು. ಒಳಗೆ ಕರೆದು ಕೆಟಲ್ ಇಟ್ಟೆ. ಭಾನುವಾರ ಪುರಭವನದಲ್ಲಿ ಟೀ ಬಡಿಸಿದವಳು ಅವಳೇ. ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದಳಂತೆ.

"ಹೇಳ್ಬಾರ್ದು ಅಂದ್ಕೊಂಡಿದ್ದೆ ಕಣೇ. ಆ ಡಚೆಸ್ ಟೀ ತಗೊಳ್ತಾ ಕ್ಲೈವ್‌ನ ಕೇಳಿದ್ಲು. 'ನಿಮ್ಮೂರಲ್ಲಿ ತಾಯಿ ಮೊದಲು ಅಂತ ಯಾರೋ ಹೇಳಿದ್ರು, ನಾನು ಅಲ್ಲಿ ಕಾದೆ, ಯಾರೂ ಬರ್ಲಿಲ್ಲ' ಅಂತ."

"ಅವನೇನಂದ?"

ಎನಿಡ್ ತನ್ನ ಕೈ ನೋಡಿಕೊಂಡಳು.

"'ಈಗ ಅಂಥ ತಾಯಂದಿರು ಯಾರೂ ಉಳಿದಿಲ್ಲ, ಮ್ಯಾಮ್' ಅಂದ."

ಕೆಟಲ್ ಕುದಿದು ಆರಿತು. ಯಾರೂ ಏಳಲಿಲ್ಲ.

"ದೇವರು ವರ ಕೊಟ್ರೂ ಪೂಜಾರಿ ಕೊಡ," ಅಂದಳು ಎನಿಡ್.

ಅರಮನೆಯವಳ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ ಮೂರು ದಿನ. ಹಾಯಾಗಿತ್ತು. ದೂರದವರ ಮೇಲಿನ ಸಿಟ್ಟು ಹಗುರ, ದಿನಾ ಮುಖ ನೋಡಬೇಕಿಲ್ಲ. ಅದೂ ಹೋಯಿತು. ಅವಳು ನನಗಾಗಿ ಕಾದಿದ್ದಳು. ನನ್ನ ಒಲೆಗೆ ಇದ್ದಿಲು ಹಾಕಿದವನು ನನ್ನನ್ನು ಹೂತ.

ನವೆಂಬರ್ 11, ಬುಧವಾರ, ಮಧ್ಯಾಹ್ನ

ಇವತ್ತೇ ನಿಜವಾದ ದಿನ. ಹನ್ನೊಂದನೆಯ ತಾರೀಖು, ಹನ್ನೊಂದು ಗಂಟೆ, ಮೊದಲ ಮಹಾಯುದ್ಧದ ತೋಪುಗಳು ನಿಂತ ಹೊತ್ತು. ಊರಿಗೆ ನೆನಪಿಲ್ಲ. ಭಾನುವಾರವೇ ಮುಗಿಸಿದರಲ್ಲ.

ಚಕ್ರವನ್ನು ಮತ್ತೆ ಕಟ್ಟಿದೆ, ಅದೇ ನೀಲಿ ಲಾಡಿಯಿಂದ. ಪದಕ ಬಲಗಡೆಗೆ ಬಂತು. ಕೋಟಿನ ಮೇಲೆ ಏಪ್ರನ್ ಉಟ್ಟುಕೊಂಡೇ ಹೋದೆ, ಒಂದೇ ಲಾಡಿಯ ಏಪ್ರನ್, ಇನ್ನೊಂದು ಬದಿಗೆ ಪಿನ್ನು ಹಾಕಿ. ಬೇಕರಿಯ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನೋಡಲಿ.

ಡಚೆಸ್‌ಳ ಚಕ್ರವನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿನ ಮೆಟ್ಟಿಲಿಗೆ ಇಟ್ಟೆ. ಒಂದು ಹೂವೂ ಉದುರಲಿಲ್ಲ. ಅವಳದೇನು ತಪ್ಪು. ಹೆಸರು ಹೊರಗೆ ಬಂತು. ಒರೆಸಿದೆ. ನನ್ನದನ್ನು ಇಟ್ಟೆ. ಚರ್ಚಿನ ಗಂಟೆ ಹನ್ನೊಂದು ಹೊಡೆಯಿತು. ಒಂದು ಲಾರಿ ಹಾದುಹೋಯಿತು. ನಿಂತೆ. ಎನಿಡ್ ಯಾವಾಗ ಬಂದು ಹಿಂದೆ ನಿಂತಳೋ ತಿಳಿಯಲಿಲ್ಲ. ಅವಳೂ ಏಪ್ರನ್ನಿನಲ್ಲೇ ಇದ್ದಳು.

ರಸ್ತೆಯಾಚೆ ಕ್ಲೈವ್ ಅಂಗಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. ದಾಟಿ ಬರಲಿಲ್ಲ.

ಈಗ ಬಂದಿದ್ದಾನೆ. ಅವನದೇ ಬಡಿತ, ಎರಡು ಮೆಲ್ಲಗೆ, ಒಂದು ಜೋರು. ಕೇಕಿನ ವಾಸನೆ ಬಾಗಿಲ ಸಂದಿನಿಂದಲೇ ಬರುತ್ತಿದೆ. "ವಿನ್ನಿ, ಇದೀರಾ ಒಳಗೆ? ಡಚೆಸ್‌ದನ್ನ ಮೇಲೆ ಇಡ್ಬೇಕಿತ್ತಲ್ಲ... ವಿನ್ನಿ? ಯಾರಾದ್ರೂ ಇದೀರಾ?" ಅವನ ಮಾತನ್ನೇ ಅವನಿಗೆ ಕೊಡುತ್ತೇನೆ. ಇಲ್ಲಿ ಕೂತಲ್ಲಿಂದಲೇ. ಈಗ ಯಾರೂ ಉಳಿದಿಲ್ಲ, ಕ್ಲೈವ್, ಅಂಥ ತಾಯಂದಿರು ಯಾರೂ—