ನಳಿಗೆಯ ಮದ್ದು

ಗುರುವಾರ, ಮಾರ್ಚ್ ೬.

ಗಂಡಾಂತರ ಕಳೆದಿದೆ. ಅಕ್ಷರಗಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ, ಸೊಟ್ಟಗೆ ಓಡುತ್ತಿವೆ.

ಬೆಳಿಗ್ಗೆ ಮ್ಯೂಸಿಯಮ್ಮಿನ ಬಾಗಿಲಲ್ಲೇ ಫೋನ್ ಬಂತು. ಹಳೆಯ ಆಯುಧಗಳನ್ನು ಉಪಚರಿಸುವ ನಮ್ಮ ಡಾಕ್ಟರಮ್ಮ (ಹೆಸರಿಟ್ಟವನು ನಾನೇ) ರಜೆಗೆ ಹೊರಟು ರೈಲಿನಲ್ಲಿದ್ದರು. "ಸಾರ್, ಆ ಪಿಸ್ತೂಲು ಯಾರೂ ಮುಟ್ಟೋದು ಬೇಡ, ನಳಿಗೆಯಲ್ಲಿ ಮದ್ದಿದೆ..." ಲೈನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ನಿನ್ನೆ ತಾನೇ ನನ್ನ ಮಗಳು ಅದೇ ನಳಿಗೆಗೆ ಕಣ್ಣಿಟ್ಟು, "ಅಪ್ಪಾ, ಒಳಗೆ ಬರೀ ಕತ್ತಲೆ" ಅಂದಿದ್ದಳು. "ಇನ್ನೂರು ವರ್ಷದಿಂದ ಉಪವಾಸ ಕಣಮ್ಮ ಅದು" ಎಂದು ಜೋಕು ಹೊಡೆದಿದ್ದೆ.

ಜನರನ್ನೆಲ್ಲ ಹೊರಗೆ ಕಳಿಸಿ ಪೊಲೀಸರನ್ನು ಕರೆಸಿದೆ. ಅವರ ಸ್ಫೋಟಕ ತಜ್ಞರು ನಳಿಗೆಗೆ ಕಡ್ಡಿ ತೂರಿ, ಎಣ್ಣೆ ಹೀರಿದ ಹತ್ತಿಯನ್ನು ಎಳೆದು, ಮೂಸಿ, ನನ್ನ ಮುಖ ನೋಡಿದರು.

"ಸಾರ್, ಇದು ಸಿಡಿಯೋ ಮದ್ದಲ್ಲ. ತುಕ್ಕಿನ ಮದ್ದು!"

ಮದ್ದುಗುಂಡುಗಳ ಚರಿತ್ರೆಯಲ್ಲಿ ಡಾಕ್ಟರೇಟ್ ಪಡೆದವನಿಗೆ, ಡಾಕ್ಟರಮ್ಮ ಕೊಡುವುದೂ ಮದ್ದೇ ಎಂದು ಹೊಳೆಯಲಿಲ್ಲ. ಗುಂಡಿಲ್ಲದ ಪಿಸ್ತೂಲು ನನ್ನ ಗುಂಡಿಗೆಯನ್ನೇ ಹಾರಿಸಿಬಿಟ್ಟಿತ್ತು. ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

ಇದೀಗ ಒಳಗಿನಿಂದ ಇವಳ ಕೂಗು: "ಏನ್ರೀ, ಮಗಳ ಕಿವಿಗೆ ಮದ್ದು ಹಾಕಿದ್ರಾ?"

ಪೆನ್ನು ಕೆಳಗಿಟ್ಟೆ. "ಯಾವ ಮದ್ದು ಅಂತ ಬಿಡಿಸಿ ಹೇಳೇ, ಮಾರಾಯ್ತಿ!" ಅಂದೆ. ಮಗಳು ಕಿಸಕ್ಕನೆ ನಕ್ಕಳು. ಆ ನಗು ಕೇಳಿಸುತ್ತಿದೆಯಲ್ಲ, ಸಾಕು. ಎರಡು ಹನಿ ಹಾಕಿ ಬಂದು ಉಳಿದದ್ದನ್ನು ಬರೆಯುತ್ತೇನೆ.