ಅಪ್ಪನ ಟ್ಯಾಂಕಿಗೆ ಕೆಸರು ಹತ್ತಿತು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟೀ,

ಹೇಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಇಂಜಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಹಸಿವನ್ನೇ ಮರೆಯುತ್ತೀಯೋ? ಮೊಣಕೈ ಮೇಲಿನ ಸುಟ್ಟ ಗಾಯ ಒಣಗಿತೇ? ನಿಮ್ಮ ಸೇನೆಯ ವರ್ಕ್‌ಶಾಪಿನಲ್ಲಿ ಮುಲಾಮು ಇರುವುದಿಲ್ಲ ಎಂದಲ್ಲ, ಹಚ್ಚಿಕೊಳ್ಳಲು ನಿನಗೆ ಪುರುಸೊತ್ತು ಇರುವುದಿಲ್ಲ ಎಂದು ಕೇಳಿದೆ. ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ. ಈ ಮಾತನ್ನು ಪ್ರತಿ ಸಲವೂ ಬರೆಯುತ್ತಿದ್ದೆ. ಈ ಸಲ ಅದು ನಿಜ. ಫೋನಿನಲ್ಲಿ ಹೇಳಲು ಹೊರಟರೆ ಪಕ್ಕದಲ್ಲೇ ಕೂತು "ಸಾಕು ಬಿಡೇ" ಅನ್ನುತ್ತಾರೆ. ಈಗ ಒಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ, ಅದಕ್ಕೇ ಈ ಕಾಗದ.

ನಿಮ್ಮಪ್ಪ ಮತ್ತೆ ಟ್ಯಾಂಕು ಮಾಡುತ್ತಿದ್ದಾರೆ ಕಣೇ! ಪಾರ್ಶ್ವವಾಯು ಹೊಡೆದು ಬಲಗೈ ನಡುಗಲು ಶುರುವಾದ ಮೇಲೆ ಅವರು ತಾವು ಜೋಡಿಸಿದ ಆ ಅಂಗೈಯಗಲದ ಪ್ಲಾಸ್ಟಿಕ್ ಯುದ್ಧಟ್ಯಾಂಕುಗಳನ್ನೆಲ್ಲ ಹಳೇ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಹಾಕಿದ್ದು ನಿನಗೆ ಗೊತ್ತೇ ಇದೆ. ಊರಿನ ಅರ್ಧ ಜನಕ್ಕೆ ಹಲ್ಲಿನ ಸೆಟ್ಟು ಮಾಡಿಕೊಟ್ಟ ಕೈ ಅದು. ಲೋಟ ಹಿಡಿದರೆ ನೀರು ತುಳುಕುವಂತಾದಾಗ ಅದನ್ನು ಪ್ಯಾಂಟಿನ ಜೇಬಿಗೆ ತುರುಕಿಬಿಟ್ಟರು. ನೆಂಟರ ಮುಂದೆಯೂ ಹೊರಗೆ ತೆಗೆಯುತ್ತಿರಲಿಲ್ಲ. ಮೊದಲು ಅವರು ಮಾಡುತ್ತಿದ್ದ ಟ್ಯಾಂಕುಗಳ ಮೇಲೆ ಒಂದು ಗೀರೂ ಇರುತ್ತಿರಲಿಲ್ಲ. "ಅಪ್ಪಾ, ಇವು ಯುದ್ಧಕ್ಕಲ್ಲ, ಮದುವೆಗೆ ಹೊರಟ ಹಾಗಿವೆ" ಎಂದು ನೀನು ರೇಗಿಸಿದರೆ ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದರಲ್ಲ, ಆ ಮನುಷ್ಯನ ಕಥೆಯೇ ಇದು.

ಹೋದ ತಿಂಗಳು ಬೀರು ಒರೆಸುವಾಗ ನೀನು ಮೊದಲ ಸಂಬಳದಲ್ಲಿ ತಂದುಕೊಟ್ಟ ಟ್ಯಾಂಕಿನ ಡಬ್ಬಿ ಸಿಕ್ಕಿತು, ಅವರು ಅರ್ಧ ಜೋಡಿಸಿ ಬಿಟ್ಟಿದ್ದು. ಹೊಲಿಗೆ ಮಿಷನ್ನಿನ ಮೇಜಿನ ಮೇಲೆ ಎಲ್ಲ ಹರಡಿಕೊಂಡು ನಾನೇ ಅಂಟು ಹಾಕತೊಡಗಿದೆ. ಅವರು ಪೇಪರಿನ ಮರೆಯಿಂದ ಕಳ್ಳನೋಟ ಬೀರುತ್ತಿದ್ದರು. ನಾನು ಹೊಗೆ ಕೊಳವೆಯನ್ನು ಮುಂಭಾಗಕ್ಕೆ ಒತ್ತಿದ್ದೇ ತಡ, "ಅಯ್ಯಯ್ಯೋ, ಡ್ರೈವರ್ ಮೂತಿಗೇ ಹೊಗೆ ಬಿಡ್ತೀಯಲ್ಲೇ! ಪಾಪ, ಕೆಮ್ಮಿ ಕೆಮ್ಮಿ ಸಾಯ್ತಾನೆ ಅವನು!" ಎಂದು ಎದ್ದು ಬಂದರು. ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಅಷ್ಟುದ್ದದ ಮಾತು ಬಂದಿದ್ದು ಅದೇ ಮೊದಲು. ಬೇಕೆಂದೇ ಹಾಗೆ ಅಂಟಿಸಿದೆಯಾ ಎಂದು ನೀನು ಕೇಳಬೇಡ, ನಾನು ಹೇಳುವುದಿಲ್ಲ. ಅಂದಿನಿಂದ ಅವರು ಮೇಸ್ತ್ರಿ, ನಾನು ಕೂಲಿ. ಚಿಮುಟದಲ್ಲಿ ಹಿಡಿಯುವುದು ನಾನು, ಬೈಯುವುದು ಅವರು. ಹಸಿರು ಬಣ್ಣ ಹೊಡೆಯುವವರೆಗೂ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಟ್ಯಾಂಕಿನ ನಂಬರ್ ತಾವೇ ಬರೆಯುತ್ತೇನೆಂದು ಕುಂಚ ಹಿಡಿದರು. ಕೈ ನಡುಗಿ ಬಿಳಿ ಬಣ್ಣ ಅಡ್ಡಾದಿಡ್ಡಿ ಹರಿದುಹೋಯಿತು. "ನನ್ನಿಂದಾಗಲ್ಲ ಕಣೇ" ಎಂದು ಕುಂಚ ಎಸೆದು ಹೋದವರು ಮತ್ತೆ ಆ ಮೇಜಿನ ಕಡೆ ತಲೆಹಾಕಲಿಲ್ಲ. ನಾನು ಆ ಬಿಳಿ ಬಣ್ಣ ಒರೆಸಿಟ್ಟು ಸುಮ್ಮನಾದೆ. ಸಮಾಧಾನ ಹೇಳಿದ್ದರೆ ಇನ್ನೂ ಕೆರಳುತ್ತಿದ್ದರು.

ಆಗ ನಿನ್ನ ಫೋಟೋ ಬಂತು. ತರಬೇತಿ ಮೈದಾನದಿಂದ ವಾಪಸಾದ ಟ್ಯಾಂಕಿನ ಪಕ್ಕ ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡು ನೀನು ನಗುತ್ತಾ ನಿಂತಿದ್ದೀಯಲ್ಲ, ಅದು. ನಾನು ನೋಡಿದ್ದು ನಿನ್ನನ್ನು, ಅವರು ನೋಡಿದ್ದು ಟ್ಯಾಂಕನ್ನು! ಭೂತಗನ್ನಡಿ ತಂದು ಎಷ್ಟೋ ಹೊತ್ತು ನೋಡಿದರು. "ಬಾ ಇಲ್ಲಿ. ನೋಡು, ಎಲ್ಲಾದ್ರೂ ಒಂದು ನೇರ ಗೆರೆ ಇದೆಯಾ?" ಎಂದರು. ಇರಲಿಲ್ಲ. ಅಂಚಿನಲ್ಲೆಲ್ಲ ಬಣ್ಣ ಎದ್ದಿತ್ತು, ಬೋಲ್ಟುಗಳಿಂದ ತುಕ್ಕು ಸೋರಿತ್ತು, ಕೆಸರು ಮನಸ್ಸಿಗೆ ಬಂದಲ್ಲಿ ಮೆತ್ತಿಕೊಂಡಿತ್ತು. ಅಡುಗೆಮನೆಯ ಹೊಸ ಸ್ಪಂಜನ್ನು ನನ್ನನ್ನು ಕೇಳದೆಯೇ ಹರಿದರು. ಅದರ ಚೂರನ್ನು ಕಂದು ಬಣ್ಣಕ್ಕೆ ಅದ್ದಿ, ಆ ನಡುಗುವ ಬಲಗೈಯಲ್ಲೇ ಟ್ಯಾಂಕಿನ ಅಂಚಿಗೆ ಮುಟ್ಟಿಸಿದರು. ಕೈ ತನ್ನ ಪಾಡಿಗೆ ನಡುಗಿತು, ಬಣ್ಣ ಎದ್ದ ಗುರುತುಗಳು ಒಂದರ ಹಾಗೆ ಇನ್ನೊಂದಿಲ್ಲದೆ ಮೂಡಿದವು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರ್ ಪುಡಿಗೆ ಮಣ್ಣಿನ ಬಣ್ಣ ಕಲಸಿ, ಹಳೇ ಬ್ರಷ್ಷಿನಿಂದ ಚಿಮ್ಮಿಸಿ ಕೆಸರು ಹಾರಿಸಿದರು. ಪೆನ್ಸಿಲಿನ ಸೀಸ ಉಜ್ಜಿ ಕಬ್ಬಿಣದ ಹೊಳಪು ತಂದರು. ನನ್ನ ಪರದೆಯ ಮೇಲೂ ಸ್ವಲ್ಪ ಕೆಸರು ಹಾರಿದೆ, ಇರಲಿ, ಒಗೆದಿಲ್ಲ.

ನಿನ್ನೆ ಗ್ರಂಥಾಲಯದ ಹಾಲಿನಲ್ಲಿ, ಇಂಥ ಪುಟ್ಟ ಮಾದರಿಗಳನ್ನು ಮಾಡುವವರ ಸಂಘ ಇದೆಯಲ್ಲ, ಅವರ ಪ್ರದರ್ಶನ. ಒಲ್ಲೆ ಎಂದವರನ್ನು ಎಳೆದುಕೊಂಡೇ ಹೋದೆ. ನೀನು ಮೀಸೆ ಮಾಮ ಅನ್ನುತ್ತಿದ್ದೆಯಲ್ಲ, ಬಸ್ ಓಡಿಸುತ್ತಿದ್ದವರು, ಈಗ ಸಂಘದ ಅಧ್ಯಕ್ಷರು. ಪ್ರತಿ ವರ್ಷ ಅಪ್ಪನ ಟ್ಯಾಂಕು ನೋಡಿ "ಕೆಲಸ ಚೊಕ್ಕ, ಆದ್ರೆ ಜೀವ ಇಲ್ಲ ಮಾರಾಯ್ರೆ" ಎಂದು ಮುಂದೆ ಹೋಗುತ್ತಿದ್ದರು. ನಿನ್ನೆ ಬಗ್ಗಿ ನೋಡಿದರು, ಆ ಕಡೆ ಹೋಗಿ ನೋಡಿದರು, ಮತ್ತೆ ಬಂದು ನೋಡಿದರು. ಹೋಗುತ್ತಿದ್ದವರನ್ನೆಲ್ಲ ಕರೆದು ತೋರಿಸಿದರು. ಕೊನೆಗೆ, "ಈ ಕೆಸರು ಹೇಗ್ರೀ ಮಾಡಿದ್ರಿ? ನಂಗೂ ಹೇಳಿಕೊಡಿ" ಎಂದು ಕೇಳಿದರು. ಸುತ್ತ ಜನ ನಿಂತಿದ್ದರು. ನಿಮ್ಮಪ್ಪ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದು ಎಲ್ಲರ ಎದುರು ಎತ್ತಿ ಹಿಡಿದರು. ಅದು ನಡುಗುತ್ತಲೇ ಇತ್ತು. "ಇದು ಮಾಡಿದ್ದು. ಹೇಳಿಕೊಡೋಕೆ ಬರಲ್ಲ, ಸ್ವಾಮಿ" ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ಅಷ್ಟು ಎತ್ತರ ಕಂಡದ್ದು ನಾನು ನೋಡಿಲ್ಲ, ಪುಟ್ಟೀ. ಮೊದಲ ಬಹುಮಾನವೂ ಬಂತು. ಆ ಕಪ್ಪನ್ನು ಅವರು ಮರೆತು ಬಂದರು, ನಾನು ಓಡಿಹೋಗಿ ತಂದೆ.

ಮೈ ಕೈ ಜೋಪಾನ. ನಿನ್ನ ಕೈಗೆ ಬಂದ ಗಾಡಿಗಳೆಲ್ಲ ಒಂದೇ ಸಲಕ್ಕೆ ಚಾಲೂ ಆಗಲಿ, ಕಂದಾ.

ನಿನ್ನ
ಅಮ್ಮ

ತಾ.ಕ.: ಎದ್ದು ಬರುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪನನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಬರುತ್ತೇನೆ ಎಂದು ಹೋದ ವಾರ ನೀನು ಹೇಳಿದ್ದನ್ನು ಅವರಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಉತ್ತರ ತಾವೇ ಬರೆಯುತ್ತಾರಂತೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ. ಅಕ್ಷರ ಸೊಟ್ಟಗಿರುತ್ತದೆ, ನಿಧಾನವಾಗಿ ಓದು.

ಬರಬೇಡ ಮಗಳೇ. ರಜೆ ಸಿಕ್ಕಾಗ ಬಾ. ನಿನ್ನ ಟ್ಯಾಂಕಿನ ಅಡಿಭಾಗದ್ದು ಒಂದು ಫೋಟೋ ಕಳಿಸು, ನಂಗೆ ಅರ್ಜೆಂಟು. ಅಪ್ಪ.